ಏರ್ ಬ್ಯಾಗ್ ಸರಿ, ಹಾಕಿದವನು ಸರಿಯಿಲ್ಲ

ಟೆಕ್ಸಾಸ್‌ನಲ್ಲಿ ನಾನು ಓಡಿಸುವುದು 2016ರ ರ‍್ಯಾಮ್ 2500, 6.7 ಲೀಟರ್ ಕಮ್ಮಿನ್ಸ್ ಡೀಸೆಲ್ ಎಂಜಿನ್ನಿನ ಪಿಕಪ್ ಟ್ರಕ್. ಕುದುರೆ ಟ್ರೇಲರ್ ಸಿಕ್ಕಿಸಿದರೆ ಹಿಂಭಾಗ ಕೂತು, ಹೆಡ್‌ಲೈಟ್ ಎದುರಿನವರ ಕಣ್ಣಿಗೇ ಹೊಡೆಯುತ್ತಿತ್ತು. ಅದಕ್ಕೇ ಹಿಂದಿನ ಕಾಯಿಲ್ ಸ್ಪ್ರಿಂಗ್ ಒಳಗೆ ಕೂರುವ, ಗಾಳಿ ತುಂಬುವ ರಬ್ಬರ್ ಚೀಲ, ಅಂದರೆ ಏರ್ ಬ್ಯಾಗ್ (ಅಪಘಾತದಲ್ಲಿ ಬಿಚ್ಚಿಕೊಳ್ಳುವಂಥದ್ದಲ್ಲ) ಹಾಕಿಸಿದೆ. ಈಗ ಗಾಡಿ ಮಟ್ಟಸವಾಗಿ ನಿಲ್ಲುತ್ತದೆ, ಪಕ್ಕದಲ್ಲಿ ಲಾರಿ ನುಗ್ಗಿದರೂ ಓಲಾಟ ಕಡಿಮೆ. ಹಾಗಂತ ಹೊರುವ ಮಿತಿಯೇನೂ ಜಾಸ್ತಿ ಆಗಲ್ಲ, ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿರುವ ತೂಕವೇ ಕೊನೆ ಮಾತು. ಖಾಲಿ ಓಡಿಸುವಾಗಲೂ 5 ಪಿಎಸ್‌ಐ ಒತ್ತಡದ ಗಾಳಿ ಬ್ಯಾಗಿನಲ್ಲಿ ಇರಲೇಬೇಕು, ಇಲ್ಲದಿದ್ದರೆ ರಬ್ಬರ್ ಮಡಚಿಕೊಂಡು ಉಜ್ಜಿ ಹರಿಯುತ್ತದೆ. ಹಾಕಿಕೊಟ್ಟ ಗ್ಯಾರೇಜಿನವನು ಗಾಳಿ ಪೈಪನ್ನು ಎಕ್ಸಾಸ್ಟ್‌ಗೆ ತಾಗಿಸಿಯೇ ಎಳೆದಿದ್ದ, ಎರಡನೇ ವಾರಕ್ಕೆ ಕರಗಿ ತೂತು! ನಾನೇ ಕೆಳಗೆ ತೂರಿ ಹೊಸ ಪೈಪನ್ನು ಫ್ರೇಮಿನ ಆಚೆ ಬದಿಗೆ ಕಟ್ಟಿದೆ. ಸುಮ್ನೆ ಮಲಗಿದ್ದೀನಲ್ಲ ಅಂತ ಅಡಿಯಲ್ಲಿರುವ ಡೀಸೆಲ್ ಫಿಲ್ಟರನ್ನೂ ಬದಲಾಯಿಸಿದೆ, ಮೊಣಕೈವರೆಗೂ ಡೀಸೆಲ್ ಸುರಿಯಿತು.