ಬ್ಯಾಂಕಾಕಿನ ಅರಮನೆ ಮುಚ್ಚಿಲ್ಲ, 20 ಬಾತ್‌ನ ಟುಕ್‌ಟುಕ್ ಹತ್ತಬೇಡಿ

ಬ್ಯಾಂಕಾಕಿನ ಗ್ರ್ಯಾಂಡ್ ಪ್ಯಾಲೇಸ್ ಹತ್ತಿರ ಇಸ್ತ್ರಿ ಮಾಡಿದ ಅಂಗಿ ತೊಟ್ಟ, ಸಭ್ಯನಂತೆ ಕಾಣುವ ಯಾರಾದರೂ ಎದುರು ಬಂದು "ಅರಮನೆ ಈಗ ಮುಚ್ಚಿದೆ, ಮಧ್ಯಾಹ್ನ ತೆರೆಯುತ್ತಾರೆ" ಎಂದರೆ ನಿಲ್ಲಬೇಡಿ, ನಕ್ಕು ಮುಂದೆ ನಡೆಯಿರಿ. ಅದು ಸುಳ್ಳು. ಮೋಸ ಬಹಳ ಹಳೆಯದು, ಪ್ರವಾಸಿಗರಿಗೆಂದು ಬರೆದ ಕೈಪಿಡಿಗಳಲ್ಲೂ ಇದೆ. ಆದರೆ 2023ರ ನವೆಂಬರಿನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟ ಮೇಲೆ ನಮ್ಮ ನೆಂಟರಿಷ್ಟರಲ್ಲೇ ಅಲ್ಲಿಗೆ ಹೊರಟವರು ಒಬ್ಬಿಬ್ಬರಲ್ಲ, ಕೈಪಿಡಿ ಓದಿ ಹೊರಡುವವರು ಮಾತ್ರ ಕಾಣುವುದಿಲ್ಲ. ಶಿರಸಿ, ಕುಮಟಾ, ಹೊನ್ನಾವರದ ಕಡೆಯಿಂದ ಟಿಕೆಟ್ ಮಾಡಿಸಿದವರು ಇದನ್ನು ಓದಿಕೊಂಡು ಹೋಗಲಿ ಎಂದು ಬರೆಯುತ್ತಿದ್ದೇನೆ.

ನಾವೇ ಈ ಮೋಸಕ್ಕೆ ಸಿಕ್ಕ ದಿನ ನನ್ನ ಜೊತೆಗಿದ್ದವರು ಅಕ್ಕನ ಗಂಡ. ಶಿರಸಿ ಹತ್ತಿರ ಅವರ ಅಡಿಕೆ ತೋಟ. ಒಮ್ಮೆ ವಿದೇಶ ನೋಡಬೇಕೆಂಬುದು ಭಾವನ ಹಳೆಯ ಆಸೆ. ಕೊಳೆರೋಗ ಬಂದ ವರ್ಷ, ಮಾಡು ತೆಗೆಸಿದ ವರ್ಷ, ಮಗಳ ಮದುವೆಯ ವರ್ಷ ಎಂದು ಅದು ಮುಂದೆ ಹೋಗುತ್ತಲೇ ಇತ್ತು. ಅವರು ಸುಲಭಕ್ಕೆ ಮೋಸ ಹೋಗುವ ಜನವಲ್ಲ ಎಂಬುದನ್ನೂ ಹೇಳಬೇಕು. ರಾಶಿ ಎಂಬ ಬಗೆಯ ಅಡಿಕೆಯ ಚೀಲಕ್ಕೆ ಕೈ ಹಾಕಿ, ಒಂದನ್ನು ಅಡಕತ್ತರಿಯಲ್ಲಿ ಸೀಳಿ, ಬೆಳಕಿಗೆ ಹಿಡಿದು ಒಳಗಿನ ಬಣ್ಣ ನೋಡಿ, ಇಂದು ಎಷ್ಟಕ್ಕೆ ಹೋದೀತು ಎಂದು ಹೇಳುವವರು. ಅಂಥವರನ್ನೂ ಬೀಳಿಸಬಲ್ಲ ಮೋಸ ಇದು.

ಬೆಂಗಳೂರಿನಿಂದ ರಾತ್ರಿಯ ವಿಮಾನದಲ್ಲಿ ಹೋಗಿ ಬೆಳಗಿನ ಜಾವ ಇಳಿದಿದ್ದೆವು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಮುಂದೆ. ನಿದ್ದೆಯಿಲ್ಲ, ಉತ್ಸಾಹ ಮಾತ್ರ ಬೇಕಾದಷ್ಟಿತ್ತು. ಹೋಟೆಲಿನಲ್ಲಿ ಚೀಲ ಇಟ್ಟವರೇ ಅರಮನೆಗೆ ಹೊರಟೆವು. ಬಿಳಿ ಗೋಡೆಯ ಪಕ್ಕ ನಡೆಯುತ್ತಿದ್ದಾಗ ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡವನೊಬ್ಬ ತಾನಾಗಿಯೇ ಮಾತಿಗೆ ಬಂದ. ಒಳಗೆ ಭಿಕ್ಷುಗಳ ಪ್ರಾರ್ಥನೆ ನಡೆಯುತ್ತಿದೆ, ವಿದೇಶಿಯರನ್ನು ಒಂದೂವರೆಯ ನಂತರವೇ ಬಿಡುತ್ತಾರೆ ಎಂದ. ನಮ್ಮ ಕೈಯ ನಕಾಶೆ ತೆಗೆದುಕೊಂಡು ಬಾಲ್‌ಪೆನ್ನಿನಿಂದ ಮೂರು ಕಡೆ ಸುತ್ತು ಹಾಕಿದ. ಅಷ್ಟರಲ್ಲಿ ಟುಕ್‌ಟುಕ್, ಎಂದರೆ ಅಲ್ಲಿನ ಆಟೊರಿಕ್ಷಾ, ಒಂದು ಬಂದು ನಿಂತಿತು. ಮೂರೂ ಕಡೆ ಸುತ್ತಿಸಿ ಮರಳಿ ತಂದುಬಿಡಲು 20 ಬಾತ್. ಆ ದುಡ್ಡು ಪೆಟ್ರೋಲಿಗೂ ಸಾಲದು ಎಂದು ನಾನು ಹೇಳಿದ್ದು ಭಾವನ ಕಿವಿಗೆ ಹೋಗಲಿಲ್ಲ. "ಗೋಕರ್ಣದಲ್ಲೂ ಮಧ್ಯಾಹ್ನ ಬಾಗಿಲು ಹಾಕುತ್ತಾರಲ್ಲ ಮಾರಾಯ, ಇದರಲ್ಲಿ ಅನುಮಾನ ಪಡುವುದೇನಿದೆ?" ಎಂದರು.

ಈ ಮಾತನ್ನು ಸ್ವಲ್ಪ ಗಮನಿಸಿ. ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕುವುದು ನಾವು ಹುಟ್ಟಿದಾಗಿನಿಂದ ಕಂಡದ್ದು. ಪರ ಊರಿನವರು ಅವೇಳೆಯಲ್ಲಿ ಬಂದರೆ "ಈಗ ದರ್ಶನವಿಲ್ಲ, ಸಂಜೆ ಬನ್ನಿ" ಎಂದು ನಾವೇ ಹೇಳಿ ಕಳಿಸುತ್ತೇವೆ. ಯುರೋಪಿನವರಿಗೆ ವಿಚಿತ್ರವೆನಿಸಬಹುದಾದ ಸುಳ್ಳು ನಮಗೆ ಸಹಜವಾಗಿ ಕೇಳುತ್ತದೆ. ಆ ದಿನ ನಮಗೆ ಹೇಳಿದ ಸುಳ್ಳುಗಳೆಲ್ಲ ಹೀಗೆ ನಮ್ಮದೇ ರೂಢಿಯ ಅಳತೆಗೆ ಹೊಲಿದಂತಿದ್ದವು.

ಮೊದಲ ನಿಲ್ದಾಣ ವಾಟ್ ಇಂಥರವಿಹಾನ್. 32 ಮೀಟರ್ ಎತ್ತರದ ನಿಂತ ಬುದ್ಧ, ನಿಜಕ್ಕೂ ನೋಡುವಂಥದ್ದು. ಎರಡನೆಯದು ಜನವೇ ಇಲ್ಲದ ಒಂದು ಸಣ್ಣ ಗುಡಿ. ಅಲ್ಲಿ ಕೈ ಮುಗಿದು ಕುಳಿತಿದ್ದ ಒಬ್ಬ ತಾನು ಶಿಕ್ಷಕ ಎಂದು ಪರಿಚಯಿಸಿಕೊಂಡು ಲೋಕಾಭಿರಾಮದ ನಡುವೆ, ಸರ್ಕಾರ ವರ್ಷಕ್ಕೊಮ್ಮೆ ತೆರಿಗೆಯಿಲ್ಲದೆ ರತ್ನ ಮಾರುತ್ತದೆ, ಇಂದೇ ಕೊನೆಯ ದಿನ ಎಂದ. ಮೂರನೆಯ ನಿಲ್ದಾಣ ಆ ಅಂಗಡಿಯೇ ಆಗಿತ್ತು. ಇಂಥ ಸರ್ಕಾರಿ ಮಾರಾಟ ಎಂಬುದೇ ಇಲ್ಲ. ಗೇಟಿನ ಬಳಿ ಸಿಕ್ಕವನು, ಚಾಲಕ, ಗುಡಿಯ ಶಿಕ್ಷಕ, ಎಲ್ಲರೂ ಒಂದೇ ತಂಡದವರು. ಗಿರಾಕಿಯನ್ನು ಬಾಗಿಲಿಗೆ ತಂದು ಬಿಟ್ಟರೆ ಚಾಲಕನಿಗೆ ಅಂಗಡಿಯಿಂದ ಪೆಟ್ರೋಲಿನ ಕೂಪನ್, ವ್ಯಾಪಾರವಾದರೆ ಕಮಿಷನ್. 20 ಬಾತ್‌ಗೆ ಊರು ಸುತ್ತಿಸುವ ಗುಟ್ಟು ಅಷ್ಟೇ.

ಅಂಗಡಿಯಲ್ಲಿ ತಣ್ಣನೆಯ ಗಾಳಿ, ಕುಡಿಯಲು ಚಹಾ. ಕಪ್ಪು ಬಟ್ಟೆ ಹಾಸಿ, ಚಿಮುಟದಿಂದ ನೀಲಿ ಕಲ್ಲೊಂದನ್ನು ಎತ್ತಿಟ್ಟು, ಹುಡುಗಿ ಅದರ ಮೇಲೆ ಸಣ್ಣ ಟಾರ್ಚಿನ ಬೆಳಕು ಬಿಟ್ಟಳು. ನಾವು ಭಾರತದವರೆಂದು ತಿಳಿದದ್ದೇ ತಡ, ಕಲ್ಲಿನತ್ತ ಬೆರಳು ತೋರಿಸಿ "ಶನಿ, ಶನಿ" ಎಂದಳು. ಕನ್ನಡವಿರಲಿ, ಇಂಗ್ಲಿಷ್ ಕೂಡ ಅವಳಿಗೆ ಸರಿಯಾಗಿ ಬಾರದು, ಶನಿಗೆ ನೀಲ ಎಂಬುದು ಮಾತ್ರ ಗೊತ್ತು! ಭಾವನ ಮಗನಿಗೆ ಸಾಡೇಸಾತಿ ನಡೆಯುತ್ತಿತ್ತು. ಮಗನಿಗೊಂದು ಉಂಗುರಕ್ಕೆ, ಉಳಿದದ್ದನ್ನು ಊರಿನಲ್ಲಿ ಮಾರಿದರೆ ಮೂರು ಪಟ್ಟು ಬರುತ್ತದೆ ಎಂದು ಅಂಗಡಿಯವರು ಲೆಕ್ಕವನ್ನೂ ಬರೆದು ತೋರಿಸಿದರು. ಟಾರ್ಚಿನ ಬೆಳಕಿನಲ್ಲಿ ಒಂದು ಕಿಲೋ ಚಾಲಿ ಅಡಿಕೆಯನ್ನೂ ಕೊಳ್ಳದ ಮನುಷ್ಯ ಕಾರ್ಡು ತೆಗೆದರು. ಬೇಡ ಎಂದೆ. "ಸರ್ಕಾರದ್ದು, ರಶೀದಿ ಕೊಡುತ್ತಾರೆ" ಎಂದರು. ನಮ್ಮ ಕಡೆ ಅಡಿಕೆ ಮಾರುವ ಸಹಕಾರಿ ಸೊಸೈಟಿಯ ತೂಕ, ಸೊಸೈಟಿಯ ರಶೀದಿ ಎಂದರೆ ಅದರ ಮೇಲೆ ಮಾತಿಲ್ಲ. ಆ ನಂಬಿಕೆ ಅಲ್ಲಿಗೂ ಬಂದಿತ್ತು.

38,000 ಬಾತ್. ಹೆಚ್ಚುಕಡಿಮೆ ಒಂದು ಲಕ್ಷ ರೂಪಾಯಿ, ಎಂದರೆ ಸುಮಾರು ಎರಡು ಕ್ವಿಂಟಲ್ ರಾಶಿ ಅಡಿಕೆ. ಕಲ್ಲುಗಳನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿಟ್ಟು ಮೊಹರು ಹಾಕಿ, ಮೊಹರು ಒಡೆದರೆ ಹಣ ವಾಪಸಿಲ್ಲ ಎಂದು ಎಚ್ಚರಿಸಿದರು. ಬ್ಯಾಂಕಾಕಿನಲ್ಲೇ ಬೇರೆಯವರಿಗೆ ತೋರಿಸದಂತೆ ಮಾಡುವ ಉಪಾಯ ಇದು.

ಮರುದಿನ ಅರಮನೆಗೆ ಹೋದರೆ ಹೊರಗೆ ಧ್ವನಿವರ್ಧಕದಲ್ಲೇ ಹೇಳುತ್ತಿದ್ದರು: ಅರಮನೆ ತೆರೆದಿದೆ, ಅಪರಿಚಿತರ ಮಾತು ನಂಬಬೇಡಿ. ಭಾವ ಬಹಳ ಹೊತ್ತು ಮಾತಾಡಲಿಲ್ಲ. ಒಳಗೆ ಪಚ್ಚೆ ಬುದ್ಧನೆಂದು ಹೆಸರಾದ ವಿಗ್ರಹವಿದೆ, ಅದು ಪಚ್ಚೆಯದಲ್ಲ, ಬೇರೆ ಹಸಿರು ಕಲ್ಲಿನದು. ಅದನ್ನು ಕೇಳಿದ ಮೇಲೆ ಮಾತ್ರ "ಇದೂ ಅಲ್ಲವೋ?" ಎಂದರು.

"ಕಲ್ಲಂತೂ ಸುಳ್ಳಲ್ಲ" ಎಂಬ ಹಟ ಊರಿಗೆ ಬರುವವರೆಗೂ ಉಳಿದಿತ್ತು. ಅದು ನಿಜವೇ ಆಯಿತು. ಶಿರಸಿಯ ಚಿನ್ನದ ಕೆಲಸದವರು ಭೂತಗನ್ನಡಿಯಲ್ಲಿ ನೋಡಿ ನೀಲ ಹೌದು, ಆದರೆ ತೀರಾ ಕೆಳ ದರ್ಜೆಯದು, ಕಾಸಿ ಬಣ್ಣ ಏರಿಸಿದ್ದು, ಕೊಟ್ಟ ಬೆಲೆಯ ಹತ್ತನೇ ಒಂದು ಪಾಲೂ ಬಾರದು ಎಂದರು. ನೀಲವನ್ನು ಕಾಸುವುದು ರತ್ನ ವ್ಯಾಪಾರದಲ್ಲಿ ಸಾಮಾನ್ಯ, ಅದೊಂದೇ ಮೋಸವಲ್ಲ. ಮೋಸ ಇರುವುದು ಬೆಲೆಯಲ್ಲಿ. ಕಲ್ಲು ಅಸಲಿ ಎಂಬ ಪ್ರಮಾಣಪತ್ರ ಸುಳ್ಳಲ್ಲದ ಕಾರಣ ಜಗಳಕ್ಕೂ ದಾರಿಯಿಲ್ಲ. ಪಿನ್ ಒತ್ತಿ ಪಾವತಿಸಿದ್ದೀರಿ ಎಂದು ಬ್ಯಾಂಕಿನವರು ಕೈ ಚೆಲ್ಲಿದರು. ಮೊಹರು ಒಡೆಯದ ಪೊಟ್ಟಣದೊಂದಿಗೆ ಸ್ವತಃ ಬನ್ನಿ ಎಂದು ಅಂಗಡಿಯಿಂದ ಉತ್ತರ ಬಂತು.

ಹೋಗುವವರಿಗೆ ಕೆಲವು ಮಾತು. ಅರಮನೆ ಬೆಳಿಗ್ಗೆ 8.30ರಿಂದ ಮಧ್ಯಾಹ್ನ 3.30ರವರೆಗೆ ತೆರೆದಿರುತ್ತದೆ, ವಿದೇಶಿಯರಿಗೆ ಟಿಕೆಟ್ 500 ಬಾತ್. ರಾಜಮನೆತನದ ಸಮಾರಂಭಗಳಿಗೆ ಕೆಲವೊಮ್ಮೆ ಮುಚ್ಚುವುದುಂಟು, ಅದನ್ನು ಅರಮನೆಯ ಜಾಲತಾಣದಲ್ಲಿ ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಮೆಟ್ರೊದಲ್ಲಿ ಸನಾಮ್ ಚಾಯ್ ನಿಲ್ದಾಣಕ್ಕೆ ಅಥವಾ ದೋಣಿಯಲ್ಲಿ ಥಾ ಚಾಂಗ್ ಕಟ್ಟೆಗೆ ಬಂದರೆ ನಡೆದೇ ಹೋಗಬಹುದು. ಪ್ರವಾಸಿಗರು ಒಳಹೋಗುವ ಬಾಗಿಲು ವಿಸೇಟ್ ಚೈಸ್ರಿ. ಅದರ ಎದುರು ನಿಂತು ಕಣ್ಣಾರೆ ನೋಡುವ ತನಕ ಮುಚ್ಚಿದೆ ಎಂದು ಯಾರು ಹೇಳಿದರೂ ನಂಬಬೇಡಿ. ಕಾರ್ಡಿನ ವಿದೇಶಿ ವಹಿವಾಟಿನ ಮಿತಿಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಇಳಿಸಿಕೊಳ್ಳಬಹುದು. ಹೊರಡುವ ಮೊದಲು ದಿನದ ಖರ್ಚಿಗೆ ಬೇಕಾದಷ್ಟಕ್ಕೇ ಇಳಿಸಿ. ಇಷ್ಟಾದ ಮೇಲೂ ಸಿಕ್ಕಿಬಿದ್ದರೆ ಪ್ರವಾಸಿ ಪೊಲೀಸರ ಸಂಖ್ಯೆ 1155, ಹಗಲು ರಾತ್ರಿ ಸಿಗುತ್ತದೆ. ರಶೀದಿ ಹಿಡಿದುಕೊಂಡು, ಪೊಟ್ಟಣದ ಮೊಹರು ಒಡೆಯದೆ, ಅಂದೇ ದೂರು ಕೊಡಿ. ಕಲ್ಲನ್ನು ಅಂಚೆಯಲ್ಲಿ ಮನೆಗೇ ಕಳಿಸುತ್ತೇವೆ ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ, ದೂರು ಕೊಡುವಾಗ ತೋರಿಸಲು ಕೈಯಲ್ಲಿ ಏನೂ ಉಳಿಯುವುದಿಲ್ಲ.