ನೀಲಿ ಚುಕ್ಕಿ ಎಣಿಸುವ ಫಿಲ್ಮ್ ಪ್ಲೇಟ್: ಹಳ್ಳದ ನೀರಿಗೆ ಒಂದು ವರ್ಷ ಬಳಸಿ ನೋಡಿದೆ

ನಮ್ಮ ಮಕ್ಕಳು ಈಜುವ ಮಡುವಿನ ನೀರು ತುಂಬ ತಿಳಿ. ತಳದ ಕಲ್ಲು ಎಣಿಸಬಹುದು. ಆದರೂ ಹೋದ ವರ್ಷ ಅಲ್ಲಿ ಆಡಿ ಬಂದ ಮೂರನೇ ದಿನಕ್ಕೆ ಮಗಳಿಗೆ ಹೊಟ್ಟೆ ಕೆಟ್ಟಿತು. ಜೊತೆಗೆ ಈಜಿದ್ದ ಇನ್ನಿಬ್ಬರಿಗೂ ಹಾಗೇ ಆಯಿತು. ನೀರಿನಿಂದಲೇ ಬಂತು ಅನ್ನಲು ನನ್ನ ಹತ್ತಿರ ಆಧಾರ ಇರಲಿಲ್ಲ, ಅಲ್ಲ ಅನ್ನಲೂ ಇರಲಿಲ್ಲ. ಅದೇ ಕೊರೆಯತೊಡಗಿತು. ಆಗ ತರಿಸಿದ್ದು ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ ಎಣಿಸುವ ಈ ಫಿಲ್ಮ್ ಪ್ಲೇಟ್‌ಗಳನ್ನು.

ಹೆಸರಿಗೆ ಪ್ಲೇಟ್, ನೋಡಲು ದಪ್ಪನೆಯ ಕಾರ್ಡು. ಅದರ ಮೇಲೆ ಒಂದು ತೆಳು ಪಾರದರ್ಶಕ ಹಾಳೆ. ಹಾಳೆ ಎತ್ತಿ ನಡುವೆ 1 ಮಿ.ಲೀ. ನೀರು ಬಿಡಬೇಕು. ಗಾಳಿ ಸಿಕ್ಕಿಕೊಳ್ಳದ ಹಾಗೆ ಹಾಳೆಯನ್ನು ನಿಧಾನಕ್ಕೆ ಇಳಿಸಬೇಕು. ಜೊತೆಗೆ ಕೊಡುವ ಪ್ಲಾಸ್ಟಿಕ್ ಬಿಲ್ಲೆ ಇಟ್ಟು ಮೆತ್ತಗೆ ಒತ್ತಿದರೆ ನೀರು ಗುಂಡಗೆ ಹರಡುತ್ತದೆ. ಒಂದು ನಿಮಿಷ ಮುಟ್ಟದೆ ಬಿಟ್ಟರೆ ಜೆಲ್ ಆಗಿ ಕೂರುತ್ತದೆ. ಆಮೇಲೆ 35 ಡಿಗ್ರಿ ಸೆಲ್ಸಿಯಸ್‌ನ ಇನ್‌ಕ್ಯುಬೇಟರ್‌ಗೆ, ಅಂದರೆ ಒಂದೇ ಹದದ ಶಾಖ ಕಾಯ್ದುಕೊಳ್ಳುವ ಪೆಟ್ಟಿಗೆಗೆ. ನಾನು 24 ಗಂಟೆಗೆ ಒಮ್ಮೆ ನೋಡುತ್ತೇನೆ, 48ಕ್ಕೆ ಇನ್ನೊಮ್ಮೆ.

ಮಾರನೇ ದಿನ ತೆಗೆದಾಗ ಕೆಂಪು ಚುಕ್ಕಿಗಳು ಕಾಣುತ್ತವೆ, ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ನೀಲಿ. ನೀರಲ್ಲಿದ್ದ ಒಂದೊಂದು ಬ್ಯಾಕ್ಟೀರಿಯಾ ಬೆಳೆದು ಒಂದೊಂದು ಚುಕ್ಕಿಯಾಗುತ್ತದೆ. ಭೂತಗನ್ನಡಿ ಹಿಡಿದು ನೋಡಿ. ನೀಲಿ ಚುಕ್ಕಿಯ ಪಕ್ಕಕ್ಕೇ ಸಾಸಿವೆಗಿಂತ ಚಿಕ್ಕ ಗಾಳಿಗುಳ್ಳೆ ಅಂಟಿಕೊಂಡಿರುತ್ತದೆ. ಆ ಗುಳ್ಳೆ ಬ್ಯಾಕ್ಟೀರಿಯಾ ಲ್ಯಾಕ್ಟೋಸ್ ತಿಂದು ಬಿಟ್ಟ ಗಾಳಿ. ನೀಲಿ ಬಣ್ಣ ಬರುವುದು ಇ. ಕೋಲಿಯ ಒಂದು ಕಿಣ್ವ ಪ್ಲೇಟಿನೊಳಗಿನ ಬಣ್ಣದ ಪದಾರ್ಥವನ್ನು ಒಡೆಯುವುದರಿಂದ. ನೀಲಿ ಮತ್ತು ಗುಳ್ಳೆ ಎರಡೂ ಇದ್ದರೆ ಅದು ಇ. ಕೋಲಿ. ಕೆಂಪು ಮತ್ತು ಗುಳ್ಳೆ ಇದ್ದರೆ ಬೇರೆ ಕೋಲಿಫಾರ್ಮ್, ಅಂದರೆ ಇ. ಕೋಲಿ ಸೇರಿದ ಗುಂಪಿನದೇ ಬೇರೆ ಬ್ಯಾಕ್ಟೀರಿಯಾ. ಅವು ಮಣ್ಣಲ್ಲೂ ಎಲೆಗಳಲ್ಲೂ ಇರುತ್ತವೆ, ಅದಕ್ಕೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ನೀಲಿ ಹಾಗಲ್ಲ. ಅದು ಬಿಸಿರಕ್ತದ ಪ್ರಾಣಿಗಳ ಕರುಳಿನಿಂದ ಬಂದದ್ದು. ಇ. ಕೋಲಿಯಲ್ಲಿ ಹೆಚ್ಚಿನವು ಏನೂ ಮಾಡುವುದಿಲ್ಲ. ಆದರೆ ಮಲ ನೀರಿಗೆ ಸೇರಿದೆ, ಅದರ ಜೊತೆ ನೊರೋವೈರಸ್, ಜಿಯಾರ್ಡಿಯಾ ಥರದ ಹೊಟ್ಟೆ ಕೆಡಿಸುವ ರೋಗಾಣುಗಳೂ ಬಂದಿರಬಹುದು ಅನ್ನುವುದನ್ನು ಅದು ಹೇಳುತ್ತದೆ.

ಇಲ್ಲಿಂದ ಮುಂದೆ ದಯವಿಟ್ಟು ನಿಧಾನವಾಗಿ ಓದಿ, ನಾನು ತಪ್ಪು ಮಾಡಿದ್ದು ಇಲ್ಲೇ.

ಮೊದಲ ಭಾನುವಾರ ಒಂದೇ ಒಂದು ಪ್ಲೇಟ್ ಹಾಕಿದೆ. ನೀಲಿ ಒಂದೂ ಬರಲಿಲ್ಲ. ಖುಷಿಯಿಂದ ಮಕ್ಕಳನ್ನು ನೀರಿಗೆ ಬಿಟ್ಟೆ. ಆಮೇಲೆ ಲೆಕ್ಕ ಹಾಕಿದಾಗ ಎದೆ ಧಸಕ್ ಎಂದಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2012ರಲ್ಲಿ ಕೊಟ್ಟ ಮಾನದಂಡದ ಪ್ರಕಾರ, ಈಜುವ ನೀರಿನಲ್ಲಿ 100 ಮಿ.ಲೀ.ಗೆ ಇ. ಕೋಲಿಯ ಗುಣೋತ್ತರ ಸರಾಸರಿ (ಒಂದೆರಡು ಭಾರಿ ಅಂಕಿ ಬಂದರೂ ಅಷ್ಟಾಗಿ ಏರದ ಬಗೆಯ ಸರಾಸರಿ) 126 ದಾಟಬಾರದು. ನಮ್ಮ ಪ್ಲೇಟಿಗೆ ಬೀಳುವುದು 1 ಮಿ.ಲೀ. ಮಾತ್ರ. ಅಂದರೆ ಮಿತಿಯ ಅಂಚಿನಲ್ಲಿರುವ ನೀರಲ್ಲೂ ಒಂದು ಪ್ಲೇಟಿಗೆ ಸಿಗುವುದು ಸರಾಸರಿ ಒಂದು ಚುಕ್ಕಿ, ಸ್ವಲ್ಪ ಜಾಸ್ತಿ. ಅಂಥ ನೀರಿನಿಂದ ನೂರು ಪ್ಲೇಟ್ ಹಾಕಿದರೆ ಸುಮಾರು 28 ಖಾಲಿಯೇ ಇರುತ್ತವೆ. ಖಾಲಿ ಪ್ಲೇಟ್ ನೋಡಿ ನೀರು ಶುದ್ಧ ಅಂದುಕೊಳ್ಳುವ ಹಾಗೇ ಇಲ್ಲ, ಅಲ್ವಾ?

ಅವತ್ತಿನಿಂದ ಪ್ರತಿ ಸಲ ಐದು ಪ್ಲೇಟ್. ಐದರ ನೀಲಿ ಚುಕ್ಕಿ ಕೂಡಿಸಿ 20ರಿಂದ ಗುಣಿಸಿದರೆ 100 ಮಿ.ಲೀ.ನ ಲೆಕ್ಕ ಸಿಗುತ್ತದೆ. ಬಿಸಿಲು ಕಾಯ್ದು ಒಂದು ವಾರವಾದ ಮೇಲೆ ನನಗೆ ಬಂದದ್ದು 0, 2, 1, 0, 1. ಅಂದರೆ 80. ರಾತ್ರಿಯಿಡೀ ಜೋರು ಮಳೆ ಬಂದ ಮಾರನೇ ಬೆಳಿಗ್ಗೆ 9, 11, 7, 12, 10. ಅಂದರೆ 980! ಅದೇ ಮಡು, ಅದೇ ಕಲ್ಲು. ಮಳೆ ದಡದ ಮೇಲಿನದನ್ನೆಲ್ಲ ತೊಳೆದು ತಂದಿತ್ತು. ಎರಡು ದಿನ ಬಿಟ್ಟು ನೋಡಿದೆ, 260. ನೀರು ತಿಳಿಯಾಗಿ ಕಂಡ ಮೇಲೂ ಅಷ್ಟಿತ್ತು. ಹಾಗಾಗಿ ಈಗ ಮಳೆ ಬಂದರೆ ಮೂರು ದಿನ ನಮ್ಮವರು ಯಾರೂ ನೀರಿಗೆ ಇಳಿಯುವುದಿಲ್ಲ. ಪ್ಲೇಟ್ ಇಲ್ಲದವರೂ ಇದೊಂದನ್ನು ಪಾಲಿಸಬಹುದು.

ನೀರು ತರುವ ರೀತಿಯಲ್ಲೂ ಫಲಿತಾಂಶ ಕೆಡುತ್ತದೆ. ಕ್ರಿಮಿರಹಿತ ಬಾಟಲಿಯೇ ಬೇಕು. ಹರಿವಿಗೆ ಮುಖ ಮಾಡಿ ನಿಲ್ಲಿ, ಕಾಲಿನಿಂದ ಎದ್ದ ಬಗ್ಗಡ ಹಿಂದಕ್ಕೆ ಹೋಗಲಿ. ತಳದ ಕೆಸರಲ್ಲಿ ಇ. ಕೋಲಿ ಬಹಳ ದಿನ ಬದುಕಿರುತ್ತದೆ, ಅದು ಕದಡಿ ಬಾಟಲಿಗೆ ಬಂದರೆ ಲೆಕ್ಕ ಸುಮ್ನೆ ಏರುತ್ತದೆ. ಬಾಯಿ ಕೆಳಗೆ ಮಾಡಿ ಒಂದು ಗೇಣು ಮುಳುಗಿಸಿ, ಅಲ್ಲಿ ತಿರುಗಿಸಿ ತುಂಬಿಸಿ. ಐಸ್ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ಪ್ಲೇಟಿಗೆ ಹಾಕಿ. ಬಿಸಿಲು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಹಾಗಾಗಿ ಬೆಳಗಿನ ಲೆಕ್ಕ ಮಧ್ಯಾಹ್ನದ್ದಕ್ಕಿಂತ ಸಾಮಾನ್ಯವಾಗಿ ಜಾಸ್ತಿ. ನಾನು ಯಾವಾಗಲೂ ಬೆಳಿಗ್ಗೆಯೇ ತೆಗೆಯುತ್ತೇನೆ.

ಪ್ಲೇಟ್ ಬಗ್ಗೆ ದೂರು ಕಡಿಮೆ, ಜೊತೆಗೆ ಕೊಂಡ ಚಿಕ್ಕ ಇನ್‌ಕ್ಯುಬೇಟರ್ ಬಗ್ಗೆ ಇದೆ. ಪರದೆಯಲ್ಲಿ 35 ತೋರಿಸುತ್ತಿತ್ತು. ಒಂದು ಸಲ ಚುಕ್ಕಿಗಳೆಲ್ಲ ಮಂಕಾಗಿ, ಗುಳ್ಳೆಯೇ ಇಲ್ಲದೆ ಬಂದವು. ಬೇರೆ ಥರ್ಮಾಮೀಟರ್ ಇಟ್ಟು ನೋಡಿದರೆ ಮೂಲೆಯಲ್ಲಿ 30! ಆ ವಾರದ್ದೆಲ್ಲ ಎಸೆಯಬೇಕಾಯಿತು. ನೀವು ಯಾವುದನ್ನೇ ಕೊಂಡರೂ ಒಳಗೆ ಇನ್ನೊಂದು ಥರ್ಮಾಮೀಟರ್ ಇಡಿ. ಪ್ಲೇಟ್ ಪೊಟ್ಟಣವನ್ನು ಫ್ರಿಜ್ಜಿನಿಂದ ತೆಗೆದ ತಕ್ಷಣ ಒಡೆಯಬೇಡಿ, ತಂಪು ಬಿಡಲಿ. ಇಲ್ಲದಿದ್ದರೆ ಒಳಗೆ ತೇವ ಕೂತು ಹಾಳಾಗುತ್ತದೆ.

ನನ್ನ ಲೆಕ್ಕ ಸರಿಯಿದೆಯೇ ಎಂದು ಒಂದೇ ಬಾಟಲಿಯ ಅರ್ಧ ನೀರನ್ನು ಒಂದು ಲ್ಯಾಬಿಗೂ ಕೊಟ್ಟೆ. ಅವರಿಗೆ 155, ನನಗೆ 140. ಮನೆಯ ಮೇಜಿನ ಮೇಲೆ ಮಾಡಿದ್ದಕ್ಕೆ ಇಷ್ಟು ಹತ್ತಿರ ಬಂದದ್ದು ನನಗೆ ನಿಜವಾಗಿ ಸಮಾಧಾನ ತಂದಿತು. ಆದರೂ ಇದಕ್ಕೆ ಆಗದ್ದೂ ಇದೆ. ಮಲ ಮನುಷ್ಯರದ್ದೋ ದನದ್ದೋ ಹಕ್ಕಿಯದ್ದೋ ಎಂದು ಹೇಳಲಾರದು. ಭೇದಿಗೆ ಹೆಸರಾದ ಇ. ಕೋಲಿಯ ಒ157:ಎಚ್7 ತಳಿ ಸಾಮಾನ್ಯವಾಗಿ ನೀಲಿ ಬರುವುದೇ ಇಲ್ಲ. ಎಲ್ಲಕ್ಕಿಂತ ಮುಖ್ಯ, ಉತ್ತರ ಬರುವುದು ಮಾರನೇ ದಿನ. ಕುಡಿಯುವ ನೀರಿಗಂತೂ ಇದನ್ನು ನಂಬಲೇಬೇಡಿ, ಅಲ್ಲಿ 100 ಮಿ.ಲೀ.ನಲ್ಲಿ ಒಂದೂ ಇರಬಾರದು.

ಎಣಿಸಿದ ಪ್ಲೇಟ್‌ಗಳನ್ನು ಹಾಗೇ ಕಸಕ್ಕೆ ಹಾಕಬೇಡಿ. ಹಾಳೆ ಬಿಡಿಸಿ ಒಂದು ರಾತ್ರಿ ಬ್ಲೀಚ್ ನೀರಲ್ಲಿ ನೆನೆಸಿ.

ಇಷ್ಟೆಲ್ಲ ಹೇಳಿಯೂ ಮತ್ತೆ ತರಿಸಿದ್ದೇನೆ, ಇನ್ನೊಂದು ವರ್ಷಕ್ಕೆ ಆಗುವಷ್ಟು. ವಾರಕ್ಕೊಮ್ಮೆ ಐದು ಪ್ಲೇಟ್ ಹಾಕಿ ಪುಸ್ತಕದಲ್ಲಿ ಬರೆದಿಡುವ ತಾಳ್ಮೆ ಇರುವವರಿಗೆ ಧೈರ್ಯವಾಗಿ ಹೇಳುತ್ತೇನೆ, ಕೊಳ್ಳಿ. ಒಂದೇ ಸಲ ನೋಡಿ ಬಿಡುವವರು ಬೇಡ, ಲ್ಯಾಬಿಗೆ ಕೊಡಿ.

ಈಗ ಎಣಿಸುವುದು ಮಗಳೇ. "ಅಮ್ಮಾ, ಇವತ್ತು ಮೂರೇ ನೀಲಿ" ಎಂದು ನಿನ್ನೆ ಕೂಗಿದಳು. 60 ಎಂದು ಮಡುವಿನ ದಾರಿಯ ಹಲಗೆಯ ಮೇಲೆ ಅವಳೇ ಬರೆದು ಬಂದಳು. ಇವತ್ತು ಮಧ್ಯಾಹ್ನ ಮಳೆ ಹೊಡೆಯಿತು. ನಿಂತ ಕೂಡಲೇ ಇಬ್ಬರೂ ಹೋಗಿ ಆ 60 ಅಳಿಸಿ ಬಂದೆವು.