ಅಲಾದಿನ್ ಲೈಟ್: ಎಳೆಯ ನಕ್ಷತ್ರಗಳನ್ನು ಹುಡುಕುವವರಿಗೆ ಎಷ್ಟು ಉಪಯುಕ್ತ?

ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಖಗೋಳ ದತ್ತಾಂಶ ಕೇಂದ್ರವು ಉಚಿತವಾಗಿ ಒದಗಿಸುವ ಅಲಾದಿನ್ ಲೈಟ್ ಎಂಬ ಆಕಾಶ ವೀಕ್ಷಣಾ ಸೇವೆಯನ್ನು ಮೈಸೂರಿನ ನಮ್ಮ ಪದವಿ ತರಗತಿಗಳಲ್ಲಿ ಬಳಸುತ್ತಿದ್ದೇವೆ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ನೋಂದಣಿಯೂ ಬೇಡ. ನಗರದ ಬೆಳಕಿನಿಂದಾಗಿ (ದಸರಾ ದಿನಗಳಲ್ಲಂತೂ ಕೇಳುವುದೇ ಬೇಡ) ಕ್ಷೀರಪಥವನ್ನೇ ಸರಿಯಾಗಿ ಕಂಡಿರದ ವಿದ್ಯಾರ್ಥಿಗಳಿಗೆ ಅಣುಮೋಡಗಳ (ನಕ್ಷತ್ರಗಳು ಹುಟ್ಟುವ, ಅನಿಲ ಮತ್ತು ಧೂಳಿನ ತಣ್ಣನೆಯ ಮೋಡಗಳ) ಪಾಠ ಮಾಡಲು ಇದಕ್ಕಿಂತ ಸುಲಭವಾದ ಸಾಧನವನ್ನು ನಾನು ಕಂಡಿಲ್ಲ.

ಮೊದಲು ಬರ್ನಾರ್ಡ್ 68 ಎಂಬ ಮೋಡವನ್ನು ನೋಡಬೇಕು. ಸಾಮಾನ್ಯ ಬೆಳಕಿನ ಚಿತ್ರದಲ್ಲಿ ಅದು ನಕ್ಷತ್ರಗಳೇ ಇಲ್ಲದ ಕಪ್ಪು ಕಲೆ. ಅರಿಜೋನಾ ಮತ್ತು ಚಿಲಿಯ ಎರಡು 1.3 ಮೀಟರ್ ದೂರದರ್ಶಕಗಳು 1997ರಿಂದ 2001ರವರೆಗೆ ನಡೆಸಿದ ಟೂಮಾಸ್ ಸಮೀಕ್ಷೆಯ ಅವಕೆಂಪು ಪದರವನ್ನು ಆರಿಸಿದೊಡನೆ, ಕಲೆಯ ಅಂಚಿನ ಭಾಗದಲ್ಲಿ ಕೆಂಪುಬಣ್ಣದ ಚುಕ್ಕೆಗಳು ಮೂಡುತ್ತವೆ. 2.2 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್) ತರಂಗಾಂತರದಲ್ಲಿ ಧೂಳಿನ ತಡೆ ಕಣ್ಣಿಗೆ ಕಾಣುವ ಬೆಳಕಿಗಿರುವ ತಡೆಯ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಆದರೆ ಆ ಚುಕ್ಕೆಗಳು ಎಳೆಯ ನಕ್ಷತ್ರಗಳಲ್ಲ, ಮೋಡದ ಹಿಂದಿರುವ ಹಳೆಯವು. ಈ ಮೋಡದಲ್ಲಿ ಇನ್ನೂ ಯಾವ ನಕ್ಷತ್ರವೂ ಹುಟ್ಟಿಲ್ಲ. ಕೆಂಪಾಗಿ ಕಂಡದ್ದೆಲ್ಲ ಎಳೆಯದೆಂದು ಭಾವಿಸುವವರಿಗೆ ಇದೇ ಮೊದಲ ಪಾಠ.

ನಂತರ ಜ್ಯೇಷ್ಠಾ ನಕ್ಷತ್ರದ ಬಳಿಯ, ಸುಮಾರು 450 ಜ್ಯೋತಿರ್ವರ್ಷ ದೂರದ ರೋ ಒಫಿಯುಕಿ ಮೋಡಕ್ಕೆ ಹೋಗಿ ವೈಸ್ ಎಂಬ ಬಾಹ್ಯಾಕಾಶ ದೂರದರ್ಶಕದ ಅವಕೆಂಪು ಚಿತ್ರಗಳಿರುವ ಆಲ್‌ವೈಸ್ ಪದರವನ್ನು ಆರಿಸಿದರೆ ಪರದೆ ತುಂಬ ಕೆಂಪು ಹರಡುತ್ತದೆ. ಅಲ್ಲಿನ ಕೆಂಪು 22 ಮೈಕ್ರಾನ್‌ನ ಹೊಳಪು, ಅಂದರೆ ಬೆಚ್ಚಗಾದ ಧೂಳಿನದು. ಎಳೆಯ ನಕ್ಷತ್ರದ ಸುತ್ತಲಿನ ಅನಿಲ-ಧೂಳಿನ ತಟ್ಟೆಯೂ ಹೀಗೆಯೇ ಹೊಳೆಯುವುದರಿಂದ, ನಕ್ಷತ್ರವೊಂದರಿಂದಲೇ ಬರಬೇಕಾದದ್ದಕ್ಕಿಂತ ಹೆಚ್ಚಿನ ಅವಕೆಂಪು ಬೆಳಕು ಅದರ ಎಳೆತನದ ಗುರುತಾಗುತ್ತದೆ. ತೊಡಕೆಂದರೆ 22 ಮೈಕ್ರಾನ್‌ನಲ್ಲಿ ವೈಸ್‌ನ ಸ್ಪಷ್ಟತೆ ಸುಮಾರು 12 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್) ಮಾತ್ರ. ಒತ್ತಾಗಿರುವ ನಕ್ಷತ್ರಗಳು ಒಂದರೊಳಗೊಂದು ಬೆರೆತುಹೋಗುತ್ತವೆ.

ಹಾಗಾಗಿ ಚಿತ್ರ ನೋಡಿ ಎಣಿಸಲು ಹೊರಡಬಾರದು. ಆಕಾಶಕಾಯಗಳ ವಿವರಗಳಿರುವ ಸಿಂಬಾಡ್ ಪಟ್ಟಿಯನ್ನು ಚಿತ್ರದ ಮೇಲೆ ಹೊದಿಸಿ, ಒಂದೊಂದು ಗುರುತನ್ನು ಕ್ಲಿಕ್ ಮಾಡಿ ಅದು ಯಾವ ಬಗೆಯ ಕಾಯವೆಂದು ಓದುವುದರಲ್ಲೇ ಈ ಸೇವೆಯ ನಿಜವಾದ ಬೆಲೆಯಿದೆ. ಸ್ಪಿಟ್ಜರ್ ದೂರದರ್ಶಕದಿಂದ ಐದು ಮೋಡಗಳನ್ನು ಅಳೆದು 1,024 ಎಳೆಯ ಕಾಯಗಳನ್ನು ಪಟ್ಟಿ ಮಾಡಿದವರು ಕೂಡ ಹೊಳಪಿನ ಅಂಕಿಗಳನ್ನೇ ನಂಬಿದರು, ಏಕೆಂದರೆ ದೂರದ ಗ್ಯಾಲಕ್ಸಿಗಳು ಬಣ್ಣದಲ್ಲಿ ಎಳೆಯ ನಕ್ಷತ್ರಗಳಂತೆಯೇ ತೋರುತ್ತವೆ.

ಮೊಬೈಲ್‌ಗಿಂತ ಲ್ಯಾಪ್‌ಟಾಪ್ ಮೇಲು. ಬೆರಳಿನಿಂದ ಚಿಕ್ಕ ಗುರುತುಗಳನ್ನು ಹಿಡಿಯುವುದು ಕಷ್ಟ. ಹುಡುಕುವ ಹೆಸರನ್ನು ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕಾದ್ದರಿಂದ, ಜ್ಯೇಷ್ಠಾ ಎಂದರೆ ಆಂಟಾರೆಸ್, ರೋಹಿಣಿ ಎಂದರೆ ಅಲ್ಡೆಬರಾನ್ ಎಂಬ ಚಿಕ್ಕ ಪಟ್ಟಿಯನ್ನು ಬೋರ್ಡಿನ ಮೇಲೆ ಮೊದಲೇ ಬರೆದಿಡುವುದು ಒಳ್ಳೆಯದು.